ಸಹಿ ಹಾಕುವವರಿಗೂ ಒಂದು ಪಾಠಶಾಲೆ

2024ರ ಮೇ ತಿಂಗಳಲ್ಲಿ ಲಂಡನ್ನಿನ ವಿಚಾರಣಾ ಆಯೋಗವೊಂದರ ಮುಂದೆ ಬ್ರಿಟನ್ನಿನ ಅಂಚೆ ಕಚೇರಿ ಸಂಸ್ಥೆಯ ಮಾಜಿ ಮುಖ್ಯ ಕಾರ್ಯನಿರ್ವಾಹಕಿ ಪೌಲಾ ವೆನೆಲ್ಸ್ ಮೂರು ದಿನಗಳ ಕಾಲ ಸಾಕ್ಷ್ಯ ನುಡಿದರು. ನಡುನಡುವೆ ಮಾತು ಹೊರಡದೆ ಅತ್ತರು. ಸಹೋದ್ಯೋಗಿಗಳು ಹೇಳಿದ್ದನ್ನು ತಾನು ಅತಿಯಾಗಿ ನಂಬಿದೆ, ತಿಳಿಯಬೇಕಾದುದು ತನ್ನವರೆಗೆ ಬರಲಿಲ್ಲ ಎಂಬುದು ಅವರ ವಿವರಣೆಯ ಸಾರ. 2012ರಿಂದ 2019ರವರೆಗೆ ಆ ಸಂಸ್ಥೆಯ ಚುಕ್ಕಾಣಿ ಹಿಡಿದಿದ್ದವರು ಅವರು. ಅದೇ ಸಂಸ್ಥೆಯ ಕಂಪ್ಯೂಟರ್ ತೋರಿಸಿದ ಸುಳ್ಳು ಲೆಕ್ಕದಿಂದಾಗಿ ಮನೆ, ಮಾನ ಎರಡನ್ನೂ ಕಳೆದುಕೊಂಡವರಿಗೆ ಈ ವಿವರಣೆ ಸಮಾಧಾನ ತಂದಿರಲಾರದು.

ಪ್ರಕರಣವನ್ನು ಸಂಕ್ಷಿಪ್ತವಾಗಿ ನೆನಪಿಸಿಕೊಳ್ಳೋಣ. ಬ್ರಿಟನ್ನಿನ ಸಣ್ಣ ಊರುಗಳಲ್ಲಿ ಅಂಚೆ ಕೌಂಟರ್‌ಗಳು ಬಹುಪಾಲು ಅಂಗಡಿಗಳ ಮೂಲೆಯಲ್ಲಿರುತ್ತವೆ. ಅವುಗಳನ್ನು ನಡೆಸುವ ಉಪ ಅಂಚೆಪಾಲಕರು ಸರ್ಕಾರಿ ನೌಕರರಲ್ಲ, ಒಪ್ಪಂದದ ಮೇಲೆ ದುಡಿಯುವ ಸಣ್ಣ ವ್ಯಾಪಾರಿಗಳು. 1999ರಿಂದ ಈ ಕೌಂಟರ್‌ಗಳಿಗೆ ‘ಹೊರೈಜನ್’ ಎಂಬ ಲೆಕ್ಕಪತ್ರ ತಂತ್ರಾಂಶ ಬಂತು. ಸಂಜೆ ಲೆಕ್ಕ ಮುಗಿಸುವಾಗ ಅದು ಎಷ್ಟೋ ಕಡೆ ಇಲ್ಲದ ಕೊರತೆಯನ್ನು ತೋರಿಸತೊಡಗಿತು. ಕೊರತೆ ಬಿದ್ದ ಹಣವನ್ನು ಕೈಯಿಂದ ತುಂಬಬೇಕು, ಇಲ್ಲವಾದರೆ ಕಳ್ಳತನದ, ಸುಳ್ಳು ಲೆಕ್ಕದ ಆರೋಪ ಎದುರಿಸಬೇಕು. 1999ರಿಂದ 2015ರವರೆಗೆ 900ಕ್ಕೂ ಹೆಚ್ಚು ಮಂದಿ ಹೀಗೆ ಅಪರಾಧಿಗಳೆನಿಸಿಕೊಂಡರು. 2010ರಲ್ಲಿ ಗರ್ಭಿಣಿಯೊಬ್ಬರು ಸೆರೆಮನೆಗೆ ಹೋದರು. ಸಹಾಯವಾಣಿಗೆ ಕರೆ ಮಾಡಿದ ಹಲವರಿಗೆ ದೊರೆತ ಉತ್ತರ: ಇಂಥ ತೊಂದರೆ ನಿಮಗೊಬ್ಬರಿಗೇ. ತಂತ್ರಾಂಶದಲ್ಲಿ ದೋಷಗಳಿದ್ದವು, ಅವುಗಳಿಂದ ಲೆಕ್ಕ ತಪ್ಪುವ ಸಾಧ್ಯತೆಯಿತ್ತು ಎಂದು ಲಂಡನ್ನಿನ ಹೈಕೋರ್ಟ್ 2019ರ ಡಿಸೆಂಬರಿನಲ್ಲಿ ಹೇಳಿತು. 2024ರ ಮೇ ತಿಂಗಳಲ್ಲಿ ಸಂಸತ್ತು ಕಾಯ್ದೆಯನ್ನೇ ಮಾಡಿ ಶಿಕ್ಷೆಗಳನ್ನು ಸಾಮೂಹಿಕವಾಗಿ ರದ್ದುಪಡಿಸಿತು. ಕನಿಷ್ಠ 13 ಮಂದಿ ಈ ಸಂಕಟದಿಂದ ಆತ್ಮಹತ್ಯೆ ಮಾಡಿಕೊಂಡಿರಬಹುದು ಎಂದು ವಿಚಾರಣಾ ಆಯೋಗದ 2025ರ ವರದಿ ತಿಳಿಸಿದೆ.

ಮೂರು ದಶಕಗಳನ್ನು ತಂತ್ರಾಂಶ ಉದ್ಯಮದಲ್ಲಿ ಕಳೆದು, ಈಗ ಹಲವು ವರ್ಷಗಳಿಂದ ಬ್ಯಾಂಕು, ಕಾರ್ಖಾನೆ, ಸಾರ್ವಜನಿಕ ಉದ್ದಿಮೆಗಳ ಹಿರಿಯ ಅಧಿಕಾರಿಗಳಿಗೆ ತರಬೇತಿ ನೀಡುತ್ತಿರುವ ನನಗೆ ಈ ಪ್ರಕರಣದಲ್ಲಿ ಎದ್ದು ಕಾಣುವುದು ತಂತ್ರಾಂಶದ ದೋಷವಲ್ಲ. ದೋಷವಿಲ್ಲದ ದೊಡ್ಡ ತಂತ್ರಾಂಶ ಇದುವರೆಗೆ ಹುಟ್ಟಿಲ್ಲ. ಕಾಣುವುದು, ಹದಿನೈದು ವರ್ಷ ಮೇಲಿನ ಕುರ್ಚಿಗಳಲ್ಲಿ ಕುಳಿತವರ ಬಾಯಿಂದ ಒಂದು ಸರಳ ಪ್ರಶ್ನೆ ಗಟ್ಟಿಯಾಗಿ ಹೊರಡದೇ ಹೋದದ್ದು: ನಿನ್ನೆಯವರೆಗೆ ಪ್ರಾಮಾಣಿಕರಾಗಿದ್ದ ಇಷ್ಟು ಜನ ಕಂಪ್ಯೂಟರ್ ಬಂದ ಮೇಲೆ ಒಮ್ಮೆಗೇ ಕಳ್ಳರಾದದ್ದು ಹೇಗೆ? ಈ ಪ್ರಶ್ನೆ ಕೇಳಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಲೇವಾದೇವಿ ಬಲ್ಲ ಯಾವ ಮುನೀಮನೂ ಕೇಳಬಹುದಾಗಿತ್ತು.

ಎಲ್ಲದರ ಹೊಟ್ಟೆಯೊಳಗೆ

‘ತಂತ್ರಾಂಶ-ಪ್ರಧಾನ ವ್ಯವಸ್ಥೆ’ ಎಂಬ ಮಾತನ್ನು ತುಸು ವಿವರಿಸಬೇಕು. ಹೊರಗಿನಿಂದ ನೋಡಿದರೆ ಅದು ಬ್ಯಾಂಕು, ವಿಮಾನ, ಕಾರು, ವಿದ್ಯುತ್ ಜಾಲ, ಆಸ್ಪತ್ರೆ ಅಥವಾ ತೆರಿಗೆ ಇಲಾಖೆ. ಒಳಗೆ ಅದರ ನಡೆಯನ್ನು ನಿರ್ಧರಿಸುವುದು ತಂತ್ರಾಂಶ. ಬೋಯಿಂಗ್ 737 ಮ್ಯಾಕ್ಸ್ ವಿಮಾನವನ್ನೇ ನೋಡಿ. ಮೂತಿ ತೀರ ಮೇಲೆದ್ದರೆ ತಾನಾಗಿ ಕೆಳಕ್ಕೆ ತಗ್ಗಿಸಲು ಅದರಲ್ಲಿ ಎಂಕ್ಯಾಸ್ ಎಂಬ ತಂತ್ರಾಂಶವಿತ್ತು. ಅದು ಒಂದೇ ಒಂದು ಸಂವೇದಕದ ಮಾತನ್ನು ನಂಬಿ ಕೆಲಸ ಮಾಡುತ್ತಿತ್ತು. ಆ ಸಂವೇದಕ ಸುಳ್ಳು ಹೇಳಿದಾಗ ತಂತ್ರಾಂಶವು ಪೈಲಟ್‌ಗಳೊಂದಿಗೆ ಸೆಣಸಾಡಿತು. 2018ರ ಅಕ್ಟೋಬರಿನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚ್‌ನಲ್ಲಿ ಇಥಿಯೋಪಿಯಾದಲ್ಲಿ ಒಟ್ಟು 346 ಜನ ಸತ್ತರು. ವಿಮಾನ ಕಾರ್ಖಾನೆಯ ನಿರ್ದೇಶಕ ಮಂಡಳಿಗೆ ಇದು ‘ಐ.ಟಿ. ವಿಭಾಗದ ವಿಷಯ’ ಎನ್ನಲು ಸಾಧ್ಯವೆ?

ಆದರೂ ನಮ್ಮ ಹಿರಿಯ ಅಧಿಕಾರಿಗಳ ಪೈಕಿ ಹೆಚ್ಚಿನವರು ಹಾಗೆಯೇ ಅನ್ನುತ್ತಾರೆ. ಇದು ಅವರ ದಡ್ಡತನವಲ್ಲ. ಐವತ್ತೈದರ ಆಸುಪಾಸಿನಲ್ಲಿರುವ, ತಮ್ಮ ವೃತ್ತಿಯಲ್ಲಿ ಪಳಗಿದ, ಕಡತದ ನಾಲ್ಕನೆಯ ಪುಟದಲ್ಲಿರುವ ಮೋಸವನ್ನು ಮೊದಲ ಪುಟದಲ್ಲೇ ಮೂಸಿ ಹಿಡಿಯಬಲ್ಲ ಜನ ಇವರು. ತಂತ್ರಾಂಶದ ಮಾತು ಬಂದೊಡನೆ ಮಾತ್ರ ಆ ಅನುಮಾನಬುದ್ಧಿಯನ್ನು ಚಪ್ಪಲಿಯಂತೆ ಹೊಸ್ತಿಲಾಚೆ ಬಿಟ್ಟು ಒಳಗೆ ಬರುತ್ತಾರೆ. ಅರ್ಥವಾಗದ ಪದಗಳ ಮುಂದೆ ಅಜ್ಞಾನಿಯೆಂದು ಕಾಣಿಸಿಕೊಳ್ಳುವ ಸಂಕೋಚವೇ ಇದಕ್ಕೆ ಕಾರಣ. ಹಿರಿಯರಿಗೆ ಕೊಡಬೇಕಾದ ತರಬೇತಿ ಈ ಸಂಕೋಚವನ್ನು ಕಳೆಯುವ ತರಬೇತಿ ಎಂಬುದು ನನ್ನ ನಂಬಿಕೆ. ಉಳಿದ ವಿದ್ಯೆ ಅವರಲ್ಲಿ ಆಗಲೇ ಇದೆ.

ಒಂದು ಉದಾಹರಣೆ ಕೊಡುತ್ತೇನೆ. ಬ್ಯಾಂಕೊಂದರ ಮಹಾಪ್ರಬಂಧಕರು ತರಗತಿಯ ಮೊದಲ ದಿನವೇ ಎದ್ದುನಿಂತರು. “ನನಗೆ ಸರ್ವಿಸ್ ಉಳಿದಿರುವುದು ಮೂರು ವರ್ಷ ಸಾರ್. ಈ ವಯಸ್ಸಿನಲ್ಲಿ ಕೋಡಿಂಗ್ ಕಲಿ ಅನ್ನಬೇಡಿ.”

“ಅದನ್ನು ನಾನು ಕಲಿಸುವುದೂ ಇಲ್ಲ ಸಾರ್. ನೀವು ಶಾಖೆಯ ತಪಾಸಣೆಗೆ ಹೋದರೆ ಮೊದಲು ಏನನ್ನು ತೆರೆದು ನೋಡುತ್ತೀರಿ?” ಎಂದೆ.

“ಸಸ್ಪೆನ್ಸ್ ಅಕೌಂಟ್.” ಯೋಚಿಸದೆಯೇ ಉತ್ತರ ಬಂತು.

“ಅದೇ ಏಕೆ?”

“ತಾಳೆಯಾಗದ್ದನ್ನೆಲ್ಲ ತಂದು ಅಲ್ಲೇ ಹಾಕಿರುತ್ತಾರೆ. ಅದು ದಿನೇದಿನೇ ದಪ್ಪಗಾಗುತ್ತಿದ್ದರೆ ಶಾಖೆಗೆ ಏನೋ ಕಾಯಿಲೆ ಇದೆ ಅಂತ.”

ತಂತ್ರಾಂಶ ಯೋಜನೆಗೂ ಇಂಥದೊಂದು ಸಸ್ಪೆನ್ಸ್ ಅಕೌಂಟ್ ಇದೆ, ಅದರ ಹೆಸರು ದೋಷಪಟ್ಟಿ ಎಂದೆ. ಕಂಡುಬಂದ ದೋಷ ಎಷ್ಟು, ಸರಿಪಡಿಸಿದ್ದು ಎಷ್ಟು, ‘ಆಮೇಲೆ ನೋಡೋಣ’ ಎಂದು ಮುಂದೂಡಿದ್ದು ಎಷ್ಟು, ಅವುಗಳಲ್ಲಿ ಅತಿ ಹಳೆಯದಕ್ಕೆ ಎಷ್ಟು ವಯಸ್ಸು? ನಿಮ್ಮ ಬ್ಯಾಂಕಿನ ಹೊಸ ಯೋಜನೆಯಲ್ಲಿ ಈ ನಾಲ್ಕು ಸಂಖ್ಯೆಗಳನ್ನು ಎಂದಾದರೂ ಕೇಳಿದ್ದೀರಾ ಎಂದಾಗ ಅವರು ಕುಳಿತುಕೊಂಡು ನೋಟ್‌ಪುಸ್ತಕ ತೆರೆದರು. ಎರಡನೆಯ ದಿನ ತರಗತಿಯಲ್ಲಿ ಎಲ್ಲರಿಗಿಂತ ಹರಿತವಾದ ಪ್ರಶ್ನೆಗಳು ಬಂದದ್ದು ಅವರಿಂದ.

ಹಸಿರು ದೀಪದ ಮೋಸ

ನನ್ನ ತರಗತಿಯಲ್ಲಿ ಮೊದಲ ಅಭ್ಯಾಸವೇ ಒಂದು ಪುಟದ ಪ್ರಗತಿ ವರದಿ. ಎಲ್ಲ ಸಾಲುಗಳ ಮುಂದೆಯೂ ಹಸಿರು ಬಣ್ಣ. ಕೆಳಗೆ ‘ಶೇ. 90 ಪೂರ್ಣ’ ಎಂದಿರುತ್ತದೆ. ಇದನ್ನು ತಂದವರಿಗೆ ಏನು ಕೇಳುತ್ತೀರಿ ಎಂದರೆ ಬರುವ ಪ್ರಶ್ನೆಗಳು ಬಹುತೇಕ ಮೂರೇ: ಯಾವಾಗ ಮುಗಿಯುತ್ತದೆ, ಇನ್ನೆಷ್ಟು ಖರ್ಚು, ಇನ್ನೆಷ್ಟು ಜನ ಬೇಕು?

ಸೇತುವೆಯ ಕೆಲಸವಾಗಿದ್ದರೆ ಈ ಪ್ರಶ್ನೆಗಳು ಸಾಕಾಗುತ್ತಿದ್ದವು. ಕಂಬ ಎಷ್ಟು ಎದ್ದಿದೆ ಎಂಬುದನ್ನು ಸ್ಥಳಕ್ಕೆ ಹೋದರೆ ಕಣ್ಣಾರೆ ಕಾಣಬಹುದು. ತಂತ್ರಾಂಶ ಕಣ್ಣಿಗೆ ಕಾಣದು. ಪರದೆಯ ಮೇಲಿನ ಅಂದದ ಪುಟ ತೋರಿಸಿ ಮುಗಿಯಿತು ಎನ್ನಬಹುದು, ಅದರ ಹಿಂದೆ ಲೆಕ್ಕ ಮಾಡುವ ಭಾಗ ಇನ್ನೂ ಹುಟ್ಟಿರದೇ ಇರಬಹುದು. ತೊಂಬತ್ತರಲ್ಲಿ ನಿಂತ ಯೋಜನೆ ವರ್ಷಗಟ್ಟಲೆ ತೊಂಬತ್ತರಲ್ಲೇ ಇರುವುದನ್ನು ಈ ಉದ್ಯಮದಲ್ಲಿರುವ ಪ್ರತಿಯೊಬ್ಬರೂ ನೋಡಿದ್ದಾರೆ. ಆದ್ದರಿಂದ ಪ್ರಶ್ನೆಯನ್ನು ತಿರುಗಿಸಬೇಕು. ‘ಮುಗಿದಿದೆ’ ಎಂದರೆ ನಿಮ್ಮ ಅರ್ಥವೇನು? ದಿನವೂ ಈ ಕೆಲಸ ಮಾಡುವ ಗುಮಾಸ್ತೆಯ ಕೈಯಲ್ಲಿ, ನಿಜವಾದ ದತ್ತಾಂಶದೊಡನೆ ನಡೆದದ್ದು ಯಾವುದು? ಮಾಡದೇ ಬಿಟ್ಟ ಪರೀಕ್ಷೆಗಳು ಯಾವುವು?

ಇನ್ನೆಷ್ಟು ಜನ ಬೇಕು ಎಂಬ ಉದಾರವಾದ ಪ್ರಶ್ನೆಯಂತೂ ಅಪಾಯಕಾರಿ. 1960ರ ದಶಕದಲ್ಲಿ ಐಬಿಎಂ ಕಂಪನಿಯ ಒಎಸ್/360 ಎಂಬ ಬೃಹತ್ ತಂತ್ರಾಂಶದ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲಿ ‘ದಿ ಮಿಥಿಕಲ್ ಮ್ಯಾನ್-ಮಂತ್’ ಎಂಬ ಪುಸ್ತಕ ಬರೆದರು. ತಡವಾದ ಯೋಜನೆಗೆ ಜನರನ್ನು ಸುರಿದರೆ ತಡ ಇನ್ನೂ ಬೆಳೆಯುವುದೇಕೆ ಎಂಬುದನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಹೊಸಬರಿಗೆ ಕೆಲಸ ಕಲಿಸಬೇಕಾದವರು ಹಳಬರೇ, ತಲೆ ಹೆಚ್ಚಿದಷ್ಟೂ ಪರಸ್ಪರ ಮಾತುಕತೆಯ ಹೊರೆ ಹೆಚ್ಚು. ನಮ್ಮ ಅಡುಗೆಮನೆಯ ಭಾಷೆಯಲ್ಲಿ ಹೇಳುವುದಾದರೆ, ಎರಡು ಪಟ್ಟು ಹೆಪ್ಪು ಹಾಕಿದ ಮಾತ್ರಕ್ಕೆ ಮೊಸರು ಅರ್ಧ ಹೊತ್ತಿನಲ್ಲಿ ಆಗುವುದಿಲ್ಲ, ಹುಳಿಯಾಗುತ್ತದೆ.

ಇದೇ ಬ್ರೂಕ್ಸ್ ಅಧ್ಯಕ್ಷತೆಯ ಕಾರ್ಯಪಡೆ 1987ರಲ್ಲಿ ಅಮೆರಿಕದ ರಕ್ಷಣಾ ಇಲಾಖೆಗೆ ಒಂದು ವರದಿ ಕೊಟ್ಟಿತು. ಸೈನ್ಯದ ತಂತ್ರಾಂಶ ಯೋಜನೆಗಳ ಮುಖ್ಯ ತೊಡಕು ತಾಂತ್ರಿಕವಾದದ್ದಲ್ಲ, ನಿರ್ವಹಣೆಯದು ಎಂಬುದು ಅದರ ತೀರ್ಮಾನ. ಅದಕ್ಕೆ ಮೂರು ವರ್ಷ ಮೊದಲು, 1984ರಲ್ಲಿ, ಅದೇ ಇಲಾಖೆಯ ಹಣದಿಂದ ಪಿಟ್ಸ್‌ಬರ್ಗ್‌ನ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಸಾಫ್ಟ್‌ವೇರ್ ಎಂಜಿನಿಯರಿಂಗ್ ಇನ್‌ಸ್ಟಿಟ್ಯೂಟ್ ಆರಂಭವಾಗಿತ್ತು. ತಂತ್ರಾಂಶ ತಯಾರಿಸುವ ಸಂಸ್ಥೆಗಳ ಪ್ರೌಢಿಮೆಯನ್ನು ಐದು ಹಂತಗಳಲ್ಲಿ ಅಳೆಯುವ ಮಾದರಿಯನ್ನು ರೂಪಿಸಿದ್ದು ಈ ಸಂಸ್ಥೆ. 1990ರ ದಶಕದಲ್ಲಿ ಬೆಂಗಳೂರಿನ ಮೊಟೊರೋಲಾ ಘಟಕ ಐದನೆಯ ಹಂತ ತಲುಪಿ ಜಗತ್ತಿನ ಕಣ್ಣನ್ನು ಇತ್ತ ಸೆಳೆಯಿತು. ಬಳಿಕ ನಮ್ಮ ಕಂಪನಿಗಳು ಸಾಲುಸಾಲಾಗಿ ಆ ಬಿರುದು ಪಡೆದವು.

ಅಷ್ಟಾಗಿ ಸುದ್ದಿಯಾಗದ ಇನ್ನೊಂದು ಸಂಗತಿಯಿದೆ. ತಂತ್ರಾಂಶವನ್ನು ಕೊಳ್ಳುವವರಿಗೂ ಅಂಥದೇ ಮಾದರಿಯೊಂದನ್ನು ಅದೇ ಸಂಸ್ಥೆ 1996ರಲ್ಲಿ ಪ್ರಕಟಿಸಿತ್ತು. ಮಾಡುವವರ ಪಾಠವನ್ನು ನಾವು ಶ್ರದ್ಧೆಯಿಂದ ಕಲಿತೆವು. ಕೊಳ್ಳುವವರ ಪಾಠ ನಮ್ಮ ಕಚೇರಿಗಳ ಬಾಗಿಲಿಗೆ ಬರಲೇ ಇಲ್ಲ. ಜಗತ್ತಿಗೆಲ್ಲ ತಂತ್ರಾಂಶ ಬರೆದುಕೊಡುವ ನಾಡಿನಲ್ಲಿ ಅದನ್ನು ಅಳೆದು ನೋಡಿ ಕೊಳ್ಳಬಲ್ಲ ಹಿರಿಯ ಅಧಿಕಾರಿ ಇಂದಿಗೂ ಅಪರೂಪ.

ತಾರೀಖು ಮೊದಲು, ಕೆಲಸ ಆಮೇಲೆ

ಕೊಳ್ಳುವವರು ಕಲಿಯದಿದ್ದರೆ ಏನಾಗುತ್ತದೆಂಬುದಕ್ಕೆ ಬ್ರಿಟನ್ನಿನ ಟಿಎಸ್‌ಬಿ ಬ್ಯಾಂಕಿನ ಕಥೆಗಿಂತ ಒಳ್ಳೆಯ ಪಠ್ಯ ನನಗೆ ಸಿಕ್ಕಿಲ್ಲ. ಲಾಯ್ಡ್ಸ್ ಬ್ಯಾಂಕಿನಿಂದ ಬೇರ್ಪಟ್ಟ ಟಿಎಸ್‌ಬಿಯನ್ನು 2015ರಲ್ಲಿ ಸ್ಪೇನಿನ ಸಬಾಡೆಲ್ ಬ್ಯಾಂಕು ಕೊಂಡಿತು. ಹಳೆಯ ಮಾಲೀಕನ ಕಂಪ್ಯೂಟರ್ ವ್ಯವಸ್ಥೆಯಿಂದ ಸುಮಾರು 52 ಲಕ್ಷ ಗ್ರಾಹಕರ ಖಾತೆಗಳನ್ನು ಹೊಸ ವ್ಯವಸ್ಥೆಗೆ ಸಾಗಿಸಬೇಕಿತ್ತು. 2018ರ ಏಪ್ರಿಲ್ ತಿಂಗಳ ಒಂದು ವಾರಾಂತ್ಯದಲ್ಲಿ ಬಹುತೇಕ ಒಂದೇ ನೆಗೆತಕ್ಕೆ ಆ ಕೆಲಸ ನಡೆಯಿತು. ಖಾತೆಗಳು ಸುರಕ್ಷಿತವಾಗಿಯೇ ಹೋದವು. ಅವುಗಳನ್ನು ಹೊರಬೇಕಾದ ಹೊಸ ವ್ಯವಸ್ಥೆ ಮಾತ್ರ ಕುಸಿಯಿತು. ಸುಮಾರು 19 ಲಕ್ಷ ಜನ ತಮ್ಮ ಹಣವನ್ನು ಮುಟ್ಟಲಾಗದೆ ನಿಂತರು. ಎಲ್ಲವೂ ಸಹಜ ಸ್ಥಿತಿಗೆ ಮರಳಿದ್ದು ಆ ವರ್ಷದ ಡಿಸೆಂಬರಿನಲ್ಲಿ.

ಬ್ಯಾಂಕಿನ ಮಂಡಳಿ ಸ್ಲಾಟರ್ ಅಂಡ್ ಮೇ ಎಂಬ ಕಾನೂನು ಸಂಸ್ಥೆಯಿಂದ ತನಿಖೆ ಮಾಡಿಸಿತು. 2019ರಲ್ಲಿ ಹೊರಬಂದ ಆ ವರದಿ ತಂತ್ರಜ್ಞರನ್ನಷ್ಟೇ ದೂರದೆ ಮಂಡಳಿಯತ್ತಲೂ ಬೆರಳು ತೋರಿಸಿತು. ಮುಗಿಸಬೇಕಾದ ತಾರೀಖನ್ನು ಮೊದಲು ಗೊತ್ತುಮಾಡಿ, ಅಲ್ಲಿಂದ ಹಿಂದಕ್ಕೆ ಎಣಿಸುತ್ತ ಕೆಲಸದ ವೇಳಾಪಟ್ಟಿ ಹೊಸೆದಿದ್ದರು. ಮೊದಲ ತಾರೀಖು ತಪ್ಪಿದಾಗ, ಹೊಸ ತಾರೀಖನ್ನು ಯಾವ ಆಧಾರದ ಮೇಲೆ ನಂಬಬೇಕೆಂದು ಮಂಡಳಿ ಪಟ್ಟುಹಿಡಿದು ಕೇಳಲಿಲ್ಲ. ನಿಯಂತ್ರಕ ಸಂಸ್ಥೆಗಳು 2022ರ ಡಿಸೆಂಬರಿನಲ್ಲಿ ಬ್ಯಾಂಕಿಗೆ 4.865 ಕೋಟಿ ಪೌಂಡ್ ದಂಡ ವಿಧಿಸಿದವು. 2023ರ ಏಪ್ರಿಲ್‌ನಲ್ಲಿ ಬ್ಯಾಂಕಿನ ಮಾಜಿ ಮುಖ್ಯ ಮಾಹಿತಿ ಅಧಿಕಾರಿಗೆ ವೈಯಕ್ತಿಕವಾಗಿ 81,620 ಪೌಂಡ್ ದಂಡ ಬಿತ್ತು. ವ್ಯವಸ್ಥೆಯನ್ನು ನಡೆಸಬೇಕಾದ ಪೂರೈಕೆದಾರ ಸಿದ್ಧನಿದ್ದಾನೆಯೇ ಎಂಬುದನ್ನು ಸರಿಯಾಗಿ ಖಚಿತಪಡಿಸಿಕೊಳ್ಳಲಿಲ್ಲ ಎಂಬುದು ಅವರ ಮೇಲಿನ ಆಕ್ಷೇಪ. ‘ಸಿದ್ಧವಿದ್ದೇವೆ’ ಎಂಬ ಪತ್ರ ಕಡತದಲ್ಲಿದ್ದರೆ ಸಾಲದು, ಅದನ್ನು ಪರೀಕ್ಷಿಸುವುದು ಸಹಿ ಹಾಕುವವನ ಹೊಣೆ ಎಂದಾಯಿತು.

ನಮ್ಮ ಮನೆಯ ಲೆಕ್ಕ

ಇವೆಲ್ಲ ಕಡಲಾಚೆಯ ಕಥೆಗಳು ಎಂದುಕೊಳ್ಳಬೇಡಿ. 2018ರ ಫೆಬ್ರುವರಿಯಲ್ಲಿ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈನ ಬ್ರಾಡಿ ಹೌಸ್ ಶಾಖೆಯ ವಂಚನೆ ಬಯಲಾದಾಗ ಮೊದಲು ಕೇಳಿಬಂದ ಮೊತ್ತ ಸುಮಾರು 11,400 ಕೋಟಿ ರೂಪಾಯಿ. ಅಂತರರಾಷ್ಟ್ರೀಯ ಸಂದೇಶ ಕಳಿಸುವ ಸ್ವಿಫ್ಟ್ ವ್ಯವಸ್ಥೆಗೂ ಬ್ಯಾಂಕಿನ ಮೂಲ ಲೆಕ್ಕದ ವ್ಯವಸ್ಥೆಗೂ ನೇರ ಕೊಂಡಿ ಇರಲಿಲ್ಲ. ಒಂದರಲ್ಲಿ ಹೊರಟ ಭರವಸೆಯ ಪತ್ರ ಇನ್ನೊಂದರಲ್ಲಿ ದಾಖಲಾಗಲೇಬೇಕೆಂಬ ಕಟ್ಟು ಇರಲಿಲ್ಲ. ಎರಡು ತಂತ್ರಾಂಶಗಳೂ ತಮ್ಮತಮ್ಮ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದ್ದವು. ಕಳ್ಳ ನುಸುಳಿದ್ದು ಅವೆರಡರ ನಡುವಿನ ಸಂದಿಯಲ್ಲಿ. ಆ ಸಂದಿ ಯಾವ ವಿಭಾಗಕ್ಕೂ ಸೇರಿದ್ದಲ್ಲವಾದ್ದರಿಂದ ಅದನ್ನು ಕಾಯಬೇಕಾದವರು ಎಲ್ಲ ವಿಭಾಗಗಳಿಗಿಂತ ಮೇಲಿರುವವರೇ.

2020ರ ಡಿಸೆಂಬರಿನಲ್ಲಿ ರಿಸರ್ವ್ ಬ್ಯಾಂಕು ಎಚ್‌ಡಿಎಫ್‌ಸಿ ಬ್ಯಾಂಕಿಗೆ ಹೊಸ ಡಿಜಿಟಲ್ ಸೇವೆ ಆರಂಭಿಸದಂತೆ, ಹೊಸ ಕ್ರೆಡಿಟ್ ಕಾರ್ಡ್ ಗ್ರಾಹಕರನ್ನು ಸೇರಿಸಿಕೊಳ್ಳದಂತೆ ತಡೆಯೊಡ್ಡಿತು. ಮೇಲಿಂದ ಮೇಲೆ ಸೇವೆ ಸ್ಥಗಿತಗೊಂಡದ್ದು ಕಾರಣ. ಲೋಪಗಳನ್ನು ಪರಿಶೀಲಿಸಿ ಹೊಣೆಗಾರಿಕೆ ನಿಗದಿಪಡಿಸುವಂತೆ ಅದು ಸೂಚಿಸಿದ್ದು ನಿರ್ದೇಶಕ ಮಂಡಳಿಗೆ. 2024ರ ಏಪ್ರಿಲ್‌ನಲ್ಲಿ ಕೋಟಕ್ ಮಹೀಂದ್ರಾ ಬ್ಯಾಂಕಿನ ಮೇಲೂ ಇಂಥ ನಿರ್ಬಂಧ ಬಿತ್ತು. ಎರಡು ವರ್ಷಗಳ ತಪಾಸಣೆಯಲ್ಲಿ ತೋರಿಸಿಕೊಟ್ಟ ಕೊರತೆಗಳು ಸರಿಯಾಗಿರಲಿಲ್ಲ. ಎರಡೂ ನಿರ್ಬಂಧಗಳು ಆಮೇಲೆ ತೆರವಾದವು. ಈ ನಡುವೆ, 2023ರ ನವೆಂಬರಿನಲ್ಲಿ, ಬ್ಯಾಂಕುಗಳ ಮಾಹಿತಿ ತಂತ್ರಜ್ಞಾನ ಆಡಳಿತ ಕುರಿತು ರಿಸರ್ವ್ ಬ್ಯಾಂಕು ವಿಸ್ತೃತ ನಿರ್ದೇಶನ ಹೊರಡಿಸಿತು. ಮಂಡಳಿಯ ಮಟ್ಟದಲ್ಲಿಯೇ ಐ.ಟಿ. ಕಾರ್ಯತಂತ್ರ ಸಮಿತಿಯಿರಬೇಕು, ಅದರ ಮುಖ್ಯಸ್ಥರಿಗೆ ಆ ಕ್ಷೇತ್ರದ ಗಣನೀಯ ಅನುಭವವಿರಬೇಕು ಎಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಗೆ ಬಂತು. ತಡವಾದರೂ ಸರಿಯಾದ ಹೆಜ್ಜೆ.

ಸರ್ಕಾರದ ಕಡೆಗೆ ಬಂದರೆ, 2021ರ ಜೂನ್ 7ರಂದು ಆರಂಭವಾದ ಹೊಸ ಆದಾಯ ತೆರಿಗೆ ಜಾಲತಾಣ ತಿಂಗಳುಗಟ್ಟಲೆ ಮುಗ್ಗರಿಸಿತು. ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ ಇನ್ಫೊಸಿಸ್‌ನ ಮುಖ್ಯಸ್ಥರನ್ನು ಕರೆಸಿ ವಿವರಣೆ ಕೇಳಿತು. ತಯಾರಿಸಿದವರನ್ನು ಕೇಳಬೇಕಾದದ್ದೇ. ಅಷ್ಟೇ ಮುಖ್ಯವಾದ ಇನ್ನೊಂದು ಪ್ರಶ್ನೆ ಸಾರ್ವಜನಿಕ ಚರ್ಚೆಯಲ್ಲಿ ಹಿಂದೆ ಸರಿಯಿತು: ಇದು ಸಿದ್ಧವಾಗಿದೆ, ಆರಂಭಿಸಬಹುದು ಎಂದು ಕೊಂಡವರ ಪರವಾಗಿ ಒಪ್ಪಿಗೆ ಕೊಟ್ಟವರು ಯಾವ ಪರೀಕ್ಷೆಗಳನ್ನು ನೋಡಿ ಒಪ್ಪಿದರು?

ನಾಡಿನ ಒಂದು ಒಳ್ಳೆಯ ಉದಾಹರಣೆಯನ್ನೂ ಹೇಳಬೇಕು. ಈ ಶತಮಾನದ ಆರಂಭದಲ್ಲಿ ಕರ್ನಾಟಕದ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ತಂದಿತು. ಅದಕ್ಕೂ ಮೊದಲು ಇಂಥ ಪ್ರಯತ್ನಗಳು ನಡೆದು ನೆಲಕಚ್ಚಿದ್ದವು. ಈ ಬಾರಿ ಗೆಲ್ಲಿಸಿದ್ದು ಯಾವುದೋ ಅದ್ಭುತ ತಂತ್ರಾಂಶವಲ್ಲ. ನೇತೃತ್ವ ವಹಿಸಿದ್ದ ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಹಾಗೂ ಅವರ ತಂಡ ಆಡಳಿತದ ಪ್ರಶ್ನೆಗಳನ್ನು ಮೊದಲು ಬಗೆಹರಿಸಿದರು. ನಮೂದಿಸಿದ ದತ್ತಾಂಶವನ್ನು ಕಂದಾಯ ಸಿಬ್ಬಂದಿಯಿಂದಲೇ ತಾಳೆ ನೋಡಿಸಿದರು. ಅದು ಸಿದ್ಧವಾದ ಮೇಲೆ ಕೈಬರಹದ ಪಹಣಿಗೆ ಮಾನ್ಯತೆಯಿಲ್ಲವೆಂದು ಘೋಷಿಸಿ ಹಿಂಬಾಗಿಲು ಮುಚ್ಚಿದರು. ಖಾತೆ ಬದಲಾವಣೆಯ ಅರ್ಜಿಗಳು ಬಂದ ಸರದಿಯಲ್ಲೇ ಹೋಗಬೇಕು, ಅಧಿಕಾರಿ ಬೆರಳಚ್ಚು ಕೊಟ್ಟೇ ವ್ಯವಸ್ಥೆಯೊಳಗೆ ಪ್ರವೇಶಿಸಬೇಕು ಎಂಬ ನಿಯಮಗಳನ್ನು ತಂತ್ರಾಂಶದೊಳಗೇ ಇರಿಸಿದರು. ದೊಡ್ಡ ಭೂ ವ್ಯವಹಾರಸ್ಥರಿಗೇ ಇದರಿಂದ ಹೆಚ್ಚು ಅನುಕೂಲವಾಯಿತೆಂದು ವಿಮರ್ಶಿಸಿದವರೂ ಉಂಟು. ಆ ಚರ್ಚೆ ನಡೆಯಲಿ. ಹಿರಿಯ ಅಧಿಕಾರಿಯೊಬ್ಬ ತಂತ್ರಾಂಶವನ್ನು ತನ್ನ ಇಲಾಖೆಯ ಕೆಲಸವೆಂದೇ ಭಾವಿಸಿದರೆ ಏನಾಗಬಲ್ಲದು ಎಂಬುದಕ್ಕಂತೂ ‘ಭೂಮಿ’ ಸಾಕ್ಷಿ.

ಕೌಂಟರಿನ ಹಿಂದೆ ಅರ್ಧ ದಿನ

ಹಿರಿಯರ ತರಬೇತಿ ನಮ್ಮಲ್ಲಿ ಇಲ್ಲವೆಂದಲ್ಲ. ರಿಸರ್ವ್ ಬ್ಯಾಂಕು 1996ರಲ್ಲಿ ಹೈದರಾಬಾದಿನಲ್ಲಿ ಸ್ಥಾಪಿಸಿದ ಐಡಿಆರ್‌ಬಿಟಿ ಬ್ಯಾಂಕಿಂಗ್ ತಂತ್ರಜ್ಞಾನದ ತರಬೇತಿ ಕೊಡುತ್ತ ಬಂದಿದೆ. ಸರ್ಕಾರಿ ನೌಕರರಿಗಾಗಿ 2020ರಲ್ಲಿ ಕೇಂದ್ರ ಸಂಪುಟ ‘ಮಿಷನ್ ಕರ್ಮಯೋಗಿ’ಗೆ ಒಪ್ಪಿಗೆ ನೀಡಿತು. ಆದರೆ ನಾನು ಕಂಡ ಬಹಳಷ್ಟು ಕಾರ್ಯಾಗಾರಗಳ ಸ್ವರೂಪ ಒಂದೇ. ಊರಾಚೆಯ ರೆಸಾರ್ಟಿನಲ್ಲಿ ಎರಡು ದಿನ, ನಡುವೆ ಭರ್ಜರಿ ಊಟ, ಪರದೆಯ ಮೇಲೆ ಕ್ಲೌಡ್, ಬ್ಲಾಕ್‌ಚೈನ್, ಕೃತಕ ಬುದ್ಧಿಮತ್ತೆ ಎಂಬ ಹೊಸ ಪದಗಳ ಮೆರವಣಿಗೆ. ಉಪನ್ಯಾಸ ಕೊಡುವವರು ಹಲವು ಬಾರಿ ತಂತ್ರಾಂಶ ಮಾರುವ ಕಂಪನಿಯವರೇ. ಕುದುರೆಯ ಹಲ್ಲು ಎಣಿಸುವ ವಿದ್ಯೆಯನ್ನು ಕುದುರೆ ಮಾರುವವನಿಂದ ಕಲಿತಂತೆ ಇದು. ಅಧಿಕಾರಿಗಳು ಹೊಸ ಪದಗಳೊಂದಿಗೆ ಮರಳುತ್ತಾರೆ. ಪದಗಳು ಗೊತ್ತಾದ ಮೇಲಂತೂ ಅವುಗಳ ಅರ್ಥ ಕೇಳುವುದು ಇನ್ನಷ್ಟು ಕಷ್ಟ.

ನನ್ನ ತರಗತಿಯಲ್ಲಿ ಅತಿ ಹೆಚ್ಚು ಕಲಿಸುವ ಪಾಠಕ್ಕೆ ಉಪನ್ಯಾಸಕರೇ ಇಲ್ಲ. ಪ್ರತಿಯೊಬ್ಬರೂ ತಮ್ಮ ಸಂಸ್ಥೆಯ ಕೆಳಗಿನ ಕಚೇರಿಯೊಂದರ ಕೌಂಟರಿನ ಹಿಂದೆ ಅರ್ಧ ದಿನ ಸುಮ್ಮನೆ ಕುಳಿತು ಬರಬೇಕು. ತಪಾಸಣೆ ಅಲ್ಲ, ಹಾರ ತುರಾಯಿ ಇಲ್ಲ. ಹಣಕಾಸು ಸಂಸ್ಥೆಯೊಂದರ ಉಪ ಮಹಾಪ್ರಬಂಧಕಿ ಹೀಗೆ ಹೋದಾಗ ಗುಮಾಸ್ತೆಯ ಮೇಜಿನ ಮೇಲೆ ರಟ್ಟಿನ ನೋಟ್‌ಪುಸ್ತಕವೊಂದನ್ನು ಕಂಡರು. ಹೊಸ ತಂತ್ರಾಂಶ ಬಂದು ಎರಡು ವರ್ಷವಾಗಿದ್ದರೂ ಆಕೆ ಕೆಲವು ವಹಿವಾಟುಗಳನ್ನು ಕೈಯಲ್ಲಿ ಬರೆದಿಡುತ್ತಿದ್ದರು. “ಇದೇಕಮ್ಮ?” ಎಂದರೆ, “ಪರದೆಯಲ್ಲಿ ‘ವಿಫಲ’ ಅಂತ ಬರುತ್ತೆ ಮೇಡಂ, ಆದರೆ ಗಿರಾಕಿ ಖಾತೆಯಿಂದ ದುಡ್ಡು ಹೋಗಿರುತ್ತೆ. ನಾಳೆ ಅವರು ಬಂದು ಜಗಳ ಮಾಡಿದರೆ ನನ್ನ ಹತ್ತಿರ ಲೆಕ್ಕ ಇರಬೇಕಲ್ಲ” ಎಂಬ ಉತ್ತರ. ಸುತ್ತಲಿನ ಬೇರೆ ಶಾಖೆಗಳಲ್ಲೂ ಇಂಥ ಪುಸ್ತಕಗಳಿದ್ದವು. ಕೇಂದ್ರ ಕಚೇರಿಗೆ ಹೋಗುತ್ತಿದ್ದ ವರದಿಯಲ್ಲಿ ಎಲ್ಲವೂ ಹಸಿರು.

ಆ ನೋಟ್‌ಪುಸ್ತಕದ ಮೂರು ಪುಟಗಳ ನಕಲನ್ನು ಆಕೆ ತರಗತಿಗೆ ತಂದಾಗ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ನಾನು ಹೊರೈಜನ್ ಪ್ರಕರಣವನ್ನು ಹಿಂದಿನ ದಿನವಷ್ಟೇ ಹೇಳಿದ್ದೆ. ಇಲ್ಲಿ ಗುಮಾಸ್ತೆಯ ಎಚ್ಚರ ಆಕೆಯನ್ನು ಕಾಪಾಡಿತ್ತು, ನಿಜ. ಲೆಕ್ಕ ಬರೆದಿಡದ ಒಬ್ಬಳ ಗತಿ ಏನಾಗುತ್ತಿತ್ತು ಎಂಬ ಪ್ರಶ್ನೆಯನ್ನು ನಾನು ಎತ್ತಬೇಕಾಗಲೇ ಇಲ್ಲ. ಸರಿಯಾದ ಸುದ್ದಿ ಸಂಸ್ಥೆಯಲ್ಲಿ ಸದಾ ಇರುತ್ತದೆ. ಮೇಲಕ್ಕೆ ಏರುವಾಗ ಒಂದೊಂದು ಮೆಟ್ಟಿಲಿನಲ್ಲಿ ಕೆಂಪು ಹಳದಿಯಾಗಿ, ಹಳದಿ ಹಸಿರಾಗಿ ಬಣ್ಣ ಬದಲಿಸುತ್ತದೆ. ಕೆಟ್ಟ ಸುದ್ದಿ ತಂದವನಿಗೆ ಗದರಿಕೆ ಕಾದಿರುವ ಕಚೇರಿಯಲ್ಲಿ ಬೇರೆ ಏನಾದೀತು? ಹಿರಿಯರಿಗೆ ಕಲಿಸಬೇಕಾದ ಅತ್ಯಂತ ಕಠಿಣ ಪಾಠ ಇದೇ, ಕೆಂಪು ಬಣ್ಣ ತಂದವನಿಗೆ ಕುರ್ಚಿ ಕೊಟ್ಟು ಕೂರಿಸುವುದು.

ಅಧ್ಯಕ್ಷರೆಂದರೆ ನೂರು ಕೆಲಸ, ಇಷ್ಟು ಆಳಕ್ಕೆ ಇಳಿಯಲು ಅವರಿಗೆ ವ್ಯವಧಾನವೆಲ್ಲಿ ಎಂದು ಕೆಲವರು ಆಕ್ಷೇಪಿಸುತ್ತಾರೆ. ಅವರು ಸರ್ವರ್ ಕೋಣೆಗೆ ಇಳಿಯಬೇಕಿಲ್ಲ. ಬ್ಯಾಂಕಿನ ಅಧ್ಯಕ್ಷರು ಪ್ರತಿ ಚೆಕ್ಕನ್ನೂ ನೋಡುವುದಿಲ್ಲ, ಆದರೆ ಲೆಕ್ಕಪರಿಶೋಧಕ ಯಾವ ಸಾಲಿಗೆ ತಕರಾರು ಎತ್ತಿದ್ದಾನೆ ಎಂಬುದನ್ನು ಓದದೆ ಸಹಿ ಹಾಕುವುದಿಲ್ಲ. ಅಷ್ಟೇ ಗಮನವನ್ನು ತಂತ್ರಾಂಶಕ್ಕೂ ಕೊಡಿ ಎಂಬುದು ಬೇಡಿಕೆ. ಸಾಲ ಯಾರಿಗೆ, ಪಿಂಚಣಿ ಯಾರಿಗೆ, ಅನುಮಾನ ಯಾರ ಮೇಲೆ ಎಂಬುದನ್ನು ನಿರ್ಧರಿಸಲು ಕೃತಕ ಬುದ್ಧಿಮತ್ತೆಯನ್ನು ಕೊಳ್ಳುವ ಭರಾಟೆ ಶುರುವಾಗಿರುವ ಈ ಹೊತ್ತಿನಲ್ಲಿ ಇದು ಇನ್ನಷ್ಟು ತುರ್ತಿನದು. ತಾನು ಏಕೆ ಹಾಗೆ ನಿರ್ಧರಿಸಿದೆ ಎಂದು ವಿವರಿಸಲಾಗದ ಯಂತ್ರದ ಮೇಲೆ ಸಹಿ ಹಾಕುವವನು, ತಪ್ಪಾದಾಗ ನೊಂದವನು ಯಾರ ಬಾಗಿಲು ತಟ್ಟಬೇಕು ಎಂಬುದನ್ನಾದರೂ ಮೊದಲೇ ಕೇಳಿಟ್ಟುಕೊಳ್ಳಬೇಕು.

ನಾಲ್ಕು ಸಲಹೆಗಳನ್ನು ಮುಂದಿಡುತ್ತೇನೆ. ಮೊದಲನೆಯದು, ದೊಡ್ಡ ತಂತ್ರಾಂಶ ಯೋಜನೆಯೊಂದಕ್ಕೆ ಮಂಜೂರಾತಿ ನೀಡುವ ಮುನ್ನ, ಸಹಿ ಹಾಕಲಿರುವ ಎಲ್ಲರೂ ಕೊಳ್ಳುವವರ ಪಾಠವನ್ನು ಕಲಿತಿರಬೇಕು. ಅದನ್ನು ಮಾರಾಟಗಾರರು ಕಲಿಸಕೂಡದು. ಬಿದ್ದ ಯೋಜನೆಗಳ ಕಥೆಗಳೇ ಅದರ ಪಠ್ಯವಾಗಲಿ. ಎರಡನೆಯದು, ವ್ಯವಸ್ಥೆಯನ್ನು ಬಳಕೆಗೆ ಬಿಡುವ ಆದೇಶದ ಜೊತೆ ಅಂದಿನ ದೋಷಪಟ್ಟಿಯೂ, ಕೆಟ್ಟರೆ ಹಳೆಯ ವ್ಯವಸ್ಥೆಗೆ ಮರಳುವ ದಾರಿಯೂ ಕಡ್ಡಾಯವಾಗಿ ಲಗತ್ತಾಗಿರಲಿ. ಸಹಿ ಅವುಗಳ ಮೇಲೂ ಬೀಳಲಿ. ಮೂರನೆಯದು, ಯೋಜನೆಯ ಮುಖ್ಯಸ್ಥರನ್ನು ಅದು ಆರಂಭವಾಗಿ ಕನಿಷ್ಠ ಆರು ತಿಂಗಳಾಗುವವರೆಗೆ ವರ್ಗ ಮಾಡದಿರಲಿ. ಬಿತ್ತಿದವನು ಬೆಳೆ ನೋಡದೆ ಹೊರಟುಹೋಗುವ ಪದ್ಧತಿಯಲ್ಲಿ ಯಾರೂ ಏನನ್ನೂ ಕಲಿಯುವುದಿಲ್ಲ. ನಾಲ್ಕನೆಯದು, ಸಾರ್ವಜನಿಕರನ್ನು ಕಾಡಿದ ಪ್ರತಿ ದೊಡ್ಡ ವೈಫಲ್ಯದ ಮೇಲೂ ಸ್ವತಂತ್ರ ತನಿಖೆ ನಡೆದು ವರದಿ ಪ್ರಕಟವಾಗಲಿ. ಮಹಾಲೇಖಪಾಲರ ವರದಿಗಳನ್ನು ಬಿಟ್ಟರೆ ನಮ್ಮಲ್ಲಿ ಈ ಪರಿಪಾಠ ಬೇರೂರಿಲ್ಲ.

ಈ ನಾಲ್ಕರಲ್ಲಿ ಯಾವುದಕ್ಕೂ ಹೊಸ ಕಾಯ್ದೆ ಬೇಕಿಲ್ಲ, ದೊಡ್ಡ ಹಣವೂ ಬೇಡ. ಬೇಕಾದದ್ದು, ತುಂಬಿದ ಸಭೆಯಲ್ಲಿ ಕೈಯೆತ್ತಿ “ನನಗೆ ಇದು ಅರ್ಥವಾಗಲಿಲ್ಲ, ಬಿಡಿಸಿ ಹೇಳಿ” ಎನ್ನುವ ಎದೆಗಾರಿಕೆ. ಬ್ರಿಟನ್ನಿನ ಉಪ ಅಂಚೆಪಾಲಕರು ಸಹಾಯವಾಣಿಗೆ ಅದನ್ನೇ ಹೇಳುತ್ತಿದ್ದರು. ಮೇಲೆ ಕುಳಿತವರಲ್ಲಿ ಒಬ್ಬರಾದರೂ ಹಟ ಹಿಡಿದು ಅದನ್ನೇ ಹೇಳಿದ್ದರೆ, ಅವರಲ್ಲಿ ಎಷ್ಟೋ ಮಂದಿ ಇಂದಿಗೂ ತಮ್ಮ ಅಂಗಡಿಯ ಮೂಲೆಯಲ್ಲಿ ಅಂಚೆಚೀಟಿ ಮಾರುತ್ತ ನೆಮ್ಮದಿಯಿಂದ ಇರುತ್ತಿದ್ದರು.